ಒಂದರ ಎಂಜಲು, ಇನ್ನೊಂದರ ಊಟ

ನನ್ನ ಕೆಲಸ ಸ್ಲೈಡ್ ಓದುವುದು. ಮೈಸೂರಿನ ಒಂದು ಲ್ಯಾಬಿನಲ್ಲಿ ಮೈಕ್ರೋಬಯಾಲಜಿಸ್ಟ್ ಆಗಿದ್ದೇನೆ. ನಂಜನಗೂಡು, ಹುಣಸೂರು, ತಿ. ನರಸೀಪುರದ ಕಡೆಯಿಂದಲೂ ನಮ್ಮಲ್ಲಿಗೆ ಸ್ಯಾಂಪಲ್ ಬರುತ್ತವೆ. ಜೊತೆಗಿರುವ ಚೀಟಿಯಲ್ಲಿ ಡಾಕ್ಟರು ಬರೆದಿರುವುದು ಹೆಚ್ಚಾಗಿ ಇಷ್ಟೇ: ಬಿಳಿ ಸೆರಗು, ವಾಸನೆ, ಔಷಧಿ ಕೊಟ್ಟರೂ ಮತ್ತೆ ಮತ್ತೆ ಬರುತ್ತಿದೆ.

ಹತ್ತಿಯ ಕಡ್ಡಿಯಲ್ಲಿ ತೆಗೆದ ಸ್ರಾವವನ್ನು ಗಾಜಿನ ಮೇಲೆ ಉರುಳಿಸಿ, ಒಣಗಿಸಿ, ಕ್ರಿಸ್ಟಲ್ ವಯೊಲೆಟ್, ಅಯೋಡಿನ್, ಸ್ಪಿರಿಟ್, ಸಫ್ರನಿನ್ ಎಂದು ಒಂದಾದ ಮೇಲೊಂದು ಹಾಕಿ ತೊಳೆಯುತ್ತೇವೆ. ಆಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಸಾವಿರ ಪಟ್ಟು ದೊಡ್ಡದು ಮಾಡಿ ನೋಡುವುದು. ಆರೋಗ್ಯವಾಗಿರುವ ಹೆಂಗಸಿನ ಸ್ಲೈಡಿನಲ್ಲಿ ಅಗಲವಾದ ಚಪ್ಪಟೆ ಜೀವಕೋಶಗಳು ಗುಲಾಬಿ ಬಣ್ಣದಲ್ಲಿ, ಅಂಚು ಸ್ಪಷ್ಟವಾಗಿ ಕಾಣುತ್ತವೆ. ಅವುಗಳ ನಡುವೆ ಕಡುನೇರಳೆಯ ಉದ್ದನೆಯ ಕಡ್ಡಿಗಳು ಚೆಲ್ಲಿಕೊಂಡಿರುತ್ತವೆ. ಅವು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು. ತೊಂದರೆಯ ಸ್ಲೈಡಿನಲ್ಲಿ ಈ ಕಡ್ಡಿಗಳು ಹುಡುಕಿದರೂ ಸಿಗುವುದಿಲ್ಲ. ಆ ಜಾಗದಲ್ಲೆಲ್ಲ ಪುಡಿಪುಡಿಯಾದ ಗಿಡ್ಡ ಜೀವಿಗಳು, ಅಲ್ಲಲ್ಲಿ ಅಲ್ಪವಿರಾಮದ ಹಾಗೆ ಬಾಗಿದವು. ಕೆಲವು ಜೀವಕೋಶಗಳ ಮೇಲೆ ಅವು ಎಷ್ಟು ಒತ್ತೊತ್ತಾಗಿ ಅಂಟಿರುತ್ತವೆಂದರೆ ಕೋಶದ ಅಂಚೇ ಮುಚ್ಚಿಹೋಗಿರುತ್ತದೆ. ಇಂಥದಕ್ಕೆ ಕ್ಲೂ ಸೆಲ್ ಎನ್ನುತ್ತೇವೆ. 1991ರಲ್ಲಿ ನ್ಯೂಜೆಂಟ್ ಮತ್ತು ಸಂಗಡಿಗರು ಈ ಮೂರು ಬಗೆಯ ಆಕಾರಗಳನ್ನು ಎಣಿಸಿ 0ಯಿಂದ 10ರವರೆಗೆ ಅಂಕ ಕೊಡುವ ಪದ್ಧತಿ ಮಾಡಿದರು. 3ರವರೆಗೆ ಸರಿಯಾಗಿದೆ ಎಂದರ್ಥ. 7 ಮತ್ತು ಅದಕ್ಕಿಂತ ಹೆಚ್ಚು ಬಂದರೆ ಬ್ಯಾಕ್ಟೀರಿಯಲ್ ವಜೈನೋಸಿಸ್. ನಾವು ಚಿಕ್ಕದಾಗಿ ಬಿ.ವಿ. ಅನ್ನುತ್ತೇವೆ.

ಮಕ್ಕಳನ್ನು ಹೆರುವ ವಯಸ್ಸಿನ ಹೆಂಗಸರಲ್ಲಿ ಇಷ್ಟು ಸಾಮಾನ್ಯವಾದ ಯೋನಿಯ ತೊಂದರೆ ಇನ್ನೊಂದಿಲ್ಲ. ಜಗತ್ತಿನ ಬೇರೆ ಬೇರೆ ಭಾಗಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಪ್ರದೇಶಕ್ಕೆ ತಕ್ಕಂತೆ ಶೇ. 23ರಿಂದ 29ರಷ್ಟು ಹೆಂಗಸರಲ್ಲಿ ಇದು ಕಂಡಿದೆ. ದಕ್ಷಿಣ ಏಷ್ಯಾದ್ದು ಶೇ. 29. ನಮ್ಮ ಮೈಸೂರಿನದೇ ಲೆಕ್ಕವೂ ಇದೆ. 2005–06ರಲ್ಲಿ ಇಲ್ಲಿ ನಡೆದ ಒಂದು ಅಧ್ಯಯನದಲ್ಲಿ 863 ಯುವತಿಯರ ಸ್ಲೈಡುಗಳನ್ನು ಓದಿದಾಗ 165 ಮಂದಿಗೆ, ಎಂದರೆ ಶೇ. 19ರಷ್ಟು ಜನರಿಗೆ ಬಿ.ವಿ. ಇತ್ತು. ಇನ್ನೂ 133 ಮಂದಿ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ನಡುವಿನ ಅಂಕದಲ್ಲಿದ್ದರು. ಬಿ.ವಿ. ಇರುವ ಬಹಳಷ್ಟು ಹೆಂಗಸರಿಗೆ ಯಾವ ತೊಂದರೆಯೂ ಅನ್ನಿಸುವುದಿಲ್ಲ, ಹಾಗಾಗಿ ಅವರು ಆಸ್ಪತ್ರೆಗೆ ಬರುವುದೇ ಇಲ್ಲ ಎಂಬುದನ್ನೂ ಇದರ ಜೊತೆ ನೆನಪಿಟ್ಟುಕೊಳ್ಳಬೇಕು.

ಇಷ್ಟು ಜನರಿಗಿರುವ ಕಾಯಿಲೆಯ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಇರುವ ಅಷ್ಟಿಷ್ಟು ಮಾತೂ ಬೈಗುಳದಲ್ಲಿ ಮುಗಿಯುತ್ತದೆ: ಮೈ ಚೊಕ್ಕ ಇಟ್ಟುಕೊಳ್ಳುವುದಿಲ್ಲ, ಅದಕ್ಕೇ ಹೀಗೆ. ನಾನು ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಈ ಒಂದು ಮಾತಿಗಾಗಿ. ಬಿ.ವಿ. ಕೊಳಕಿನಿಂದ ಬರುವುದಲ್ಲ. ಒಂದು ರೋಗಾಣು ಹೊರಗಿನಿಂದ ಬಂದು ಮಾಡುವ ಸೋಂಕಿನ ಲೆಕ್ಕಕ್ಕೂ ಇದು ಸೇರುವುದಿಲ್ಲ. ಹಲವು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಉಣಿಸಿಕೊಂಡು, ಒಂದರ ಎಂಜಲನ್ನು ಇನ್ನೊಂದು ತಿಂದುಕೊಂಡು ಒಟ್ಟಿಗೆ ಬೆಳೆದಾಗ ಆಗುವ ಸ್ಥಿತಿ ಇದು. ಆ ಕೊಡುಕೊಳ್ಳುವಿಕೆ ಅರ್ಥವಾದರೆ ಮಾತ್ರೆ ನುಂಗಿದರೂ ಯಾಕೆ ಮರಳಿ ಬರುತ್ತದೆ, ತೊಳೆದಷ್ಟೂ ಯಾಕೆ ಹೆಚ್ಚಾಗುತ್ತದೆ, ಹೊಟ್ಟೆಯಲ್ಲಿರುವ ಕೂಸಿಗೂ ಇದಕ್ಕೂ ಏನು ಸಂಬಂಧ, ಎಲ್ಲವೂ ಬಿಡಿಸಿಕೊಳ್ಳುತ್ತದೆ.

ಮೊದಲು ಸರಿಯಾಗಿರುವಾಗ ಅಲ್ಲಿ ಏನು ನಡೆಯುತ್ತದೆ ನೋಡೋಣ. 1892ರಲ್ಲಿ ಜರ್ಮನಿಯ ಸ್ತ್ರೀರೋಗ ತಜ್ಞ ಆಲ್ಬರ್ಟ್ ಡೋಡರ್‌ಲೈನ್ ಆರೋಗ್ಯವಂತ ಹೆಂಗಸರ ಸ್ರಾವದಲ್ಲಿ ಉದ್ದನೆಯ ಕಡ್ಡಿಯಂಥ ಬ್ಯಾಕ್ಟೀರಿಯಾಗಳನ್ನು ಕಂಡು, ಅವು ಆಮ್ಲ ಮಾಡುತ್ತವೆ, ಆ ಆಮ್ಲ ಬೇರೆ ರೋಗಾಣುಗಳನ್ನು ತಡೆಯುತ್ತದೆ ಎಂದು ಬರೆದರು. ಆ ಮಾತು ಇವತ್ತಿಗೂ ನಿಂತಿದೆ. ಹುಡುಗಿ ದೊಡ್ಡವಳಾದ ಮೇಲೆ ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರದ ಜೀವಕೋಶಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟ ತುಂಬಿಕೊಳ್ಳುತ್ತದೆ. ಕೋಶಗಳು ಉದುರುತ್ತಿರುತ್ತವೆ, ಗ್ಲೈಕೋಜನ್ ಹೊರಬರುತ್ತದೆ. ನಮ್ಮ ಎಂಜಲಿನಲ್ಲಿರುವಂಥದೇ ಅಮೈಲೇಸ್ ಕಿಣ್ವ ಅಲ್ಲೂ ಇದ್ದು ಅದನ್ನು ಚಿಕ್ಕ ಸಕ್ಕರೆಗಳಾಗಿ ಒಡೆಯುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಆ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಪಿಎಚ್ 3.8ರಿಂದ 4.5ರ ಒಳಗೆ ನಿಲ್ಲುತ್ತದೆ. ಅಷ್ಟು ಹುಳಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಬದುಕುವುದು ಕಷ್ಟ. ಬೇರೆ ಯಾವ ಪ್ರಾಣಿಯಲ್ಲೂ ಲ್ಯಾಕ್ಟೋಬ್ಯಾಸಿಲಸ್ ಈ ಮಟ್ಟಿಗೆ ತುಂಬಿಕೊಂಡಿರುವುದಿಲ್ಲ. ಇಲಿಯ ಮೇಲೆ ಪ್ರಯೋಗ ಮಾಡಿ ಈ ಕಾಯಿಲೆಯನ್ನು ಅರಿಯುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ಮೊಸರಿನಲ್ಲಿರುವುದೂ ಲ್ಯಾಕ್ಟಿಕ್ ಆಮ್ಲವೇ. ಹಾಗಾದರೆ ಮೊಸರು ಹಚ್ಚಬಹುದಾ ಎಂದು ಹಲವರು ಕೇಳುತ್ತಾರೆ. ಹಚ್ಚಬಾರದು. ಮೊಸರಿನ ಬ್ಯಾಕ್ಟೀರಿಯಾಗಳು ಹಾಲಿನಲ್ಲಿ ಬೆಳೆಯುವ ಬೇರೆ ಜಾತಿಯವು, ಅಲ್ಲಿ ಬೇರೂರುವುದಿಲ್ಲ. ಯೋನಿಯಲ್ಲಿ ಮುಖ್ಯವಾಗಿ ಕಾಣುವವು ನಾಲ್ಕು: ಕ್ರಿಸ್ಪೇಟಸ್, ಗ್ಯಾಸೆರಿ, ಜೆನ್ಸೆನೀ ಮತ್ತು ಇನರ್ಸ್. 2011ರಲ್ಲಿ ಅಮೆರಿಕದ ಜಾಕ್ ರಾವೆಲ್ ಮತ್ತು ಸಂಗಡಿಗರು 396 ಹೆಂಗಸರ ಸ್ಯಾಂಪಲ್‌ಗಳ ಡಿಎನ್‌ಎ ಓದಿ ಅವರನ್ನು ಐದು ಗುಂಪು ಮಾಡಿದರು. ನಾಲ್ಕು ಗುಂಪುಗಳಲ್ಲಿ ಈ ನಾಲ್ಕರಲ್ಲಿ ಒಂದೊಂದರ ಮೇಲುಗೈ. ಐದನೆಯದರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕಡಿಮೆ, ಗಾಳಿ ಬೇಡದ ಹತ್ತಾರು ಬ್ಯಾಕ್ಟೀರಿಯಾಗಳೇ ಹೆಚ್ಚು. ನಾಲ್ಕರಲ್ಲಿ ಕ್ರಿಸ್ಪೇಟಸ್ ನಂಬಿಕಸ್ಥ. ಅದು ಇರುವ ಕಡೆ ಹುಳಿ ಗಟ್ಟಿಯಾಗಿ ನಿಲ್ಲುತ್ತದೆ. ಇನರ್ಸ್‌ನ ಮಾತೇ ಬೇರೆ. ಅದರ ಜೀನುಗಳ ಗಂಟು ಬಹಳ ಚಿಕ್ಕದು. ಬೇಕಾದ ಎಷ್ಟೋ ಪೋಷಕಾಂಶಗಳನ್ನು ತಾನೇ ಮಾಡಿಕೊಳ್ಳಲಾರದೆ ಸುತ್ತಲಿನಿಂದ ಪಡೆಯುತ್ತದೆ. ಜೀವಕೋಶದ ಪೊರೆಗೆ ತೂತು ಹಾಕುವ ಒಂದು ವಿಷವನ್ನೂ ಮಾಡುತ್ತದೆ. ಆರೋಗ್ಯದಲ್ಲೂ ಇರುತ್ತದೆ, ಬಿ.ವಿ.ಯಲ್ಲೂ ಉಳಿದುಕೊಳ್ಳುತ್ತದೆ. ಔಷಧಿ ಮುಗಿದ ಮೇಲೆ ಮೊದಲು ತಲೆಯೆತ್ತುವುದೂ ಹೆಚ್ಚಾಗಿ ಇದೇ. ಸ್ಲೈಡಿನಲ್ಲಿ ನೇರಳೆ ಕಡ್ಡಿ ಕಂಡಿತು ಎಂದ ಮಾತ್ರಕ್ಕೆ ನಾನು ಪೂರ್ತಿ ನೆಮ್ಮದಿಯಾಗದಿರುವುದು ಇದಕ್ಕೇ.

ಇನ್ನು ಕಾಯಿಲೆಯ ಕಡೆಗೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಹರ್ಮನ್ ಗಾರ್ಡ್‌ನರ್ ಮತ್ತು ಚಾರ್ಲ್ಸ್ ಡ್ಯೂಕ್ಸ್ 1955ರಲ್ಲಿ, ಈ ದುರ್ವಾಸನೆಯ ಸ್ರಾವಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಸಿಕ್ಕಿತು ಎಂದು ಪ್ರಕಟಿಸಿದರು. ಅದಕ್ಕೆ ಹೀಮೋಫಿಲಸ್ ವಜೈನಾಲಿಸ್ ಎಂದು ಹೆಸರಿಟ್ಟರು. 1980ರಲ್ಲಿ ಗಾರ್ಡ್‌ನರ್ ಗೌರವಕ್ಕೆ ಅದು ಗಾರ್ಡ್‌ನರೆಲ್ಲ ಆಯಿತು. ಆದರೆ ಅವರ ಪ್ರಬಂಧದೊಳಗೇ ಬೇರೊಂದು ಸತ್ಯ ಕೂತಿತ್ತು. ಆ ಬ್ಯಾಕ್ಟೀರಿಯಾವನ್ನು ಶುದ್ಧವಾಗಿ ಬೆಳೆಸಿ 13 ಆರೋಗ್ಯವಂತ ಹೆಂಗಸರ ಯೋನಿಗೆ ಹಾಕಿದಾಗ ಕಾಯಿಲೆ ಬಂದದ್ದು ಒಬ್ಬರಿಗೆ ಮಾತ್ರ. ರೋಗಿಯ ಸ್ರಾವವನ್ನೇ ನೇರವಾಗಿ 15 ಮಂದಿಗೆ ಹಾಕಿದಾಗ 11 ಮಂದಿಗೆ ಬಂತು. ಹೀಗೆ ಹೆಂಗಸರಿಗೆ ಬೇಕೆಂದೇ ಕಾಯಿಲೆ ಅಂಟಿಸಿ ನೋಡುವ ಪ್ರಯೋಗಕ್ಕೆ ಇವತ್ತು ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆ ಹೆಂಗಸರ ಮೈಮೇಲೆ ಪಡೆದ ತಿಳಿವು ಇದು. ಅದು ಹೇಳುತ್ತಿದ್ದುದು ಸ್ಪಷ್ಟವಾಗಿತ್ತು: ಗಾರ್ಡ್‌ನರೆಲ್ಲ ಒಂಟಿಯಾಗಿ ಬಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಇಡೀ ಗುಂಪು ಬಂದರೆ ಕಾಯಿಲೆ.

ಗುಂಪಿನೊಳಗೆ ಏನು ನಡೆಯುತ್ತದೆ ಎಂದು ತಿಳಿಯಲು ಇನ್ನೂ ನಾಲ್ಕು ದಶಕ ಬೇಕಾಯಿತು. 1997ರಲ್ಲಿ ಪೈಬಸ್ ಮತ್ತು ಆಂಡರ್‌ಡಾಂಕ್ ಗಾರ್ಡ್‌ನರೆಲ್ಲವನ್ನೂ ಪ್ರಿವೊಟೆಲ್ಲ ಬಿವಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾವನ್ನೂ ಪ್ರಯೋಗಶಾಲೆಯಲ್ಲಿ ಬೆಳೆಸಿ, ಒಂದು ಬೆಳೆದ ದ್ರಾವಣವನ್ನು ಇನ್ನೊಂದಕ್ಕೆ ಕೊಟ್ಟು ನೋಡಿದರು. ಪ್ರಿವೊಟೆಲ್ಲ ಅಮೈನೋ ಆಮ್ಲಗಳನ್ನು ತಿಂದು ಅಮೋನಿಯಾ ಬಿಡುತ್ತದೆ. ಗಾರ್ಡ್‌ನರೆಲ್ಲಕ್ಕೆ ಆ ಅಮೋನಿಯಾವೇ ಸಾರಜನಕದ ಮೂಲ. ಅದನ್ನು ತಿಂದು ಹುಲುಸಾಗಿ ಬೆಳೆಯುತ್ತದೆ. ಬೆಳೆಯುತ್ತ ಬೆಳೆಯುತ್ತ ಅಮೈನೋ ಆಮ್ಲಗಳನ್ನು ಹೊರಗೆ ಬಿಡುತ್ತದೆ. ಅವನ್ನು ಪ್ರಿವೊಟೆಲ್ಲ ತಿನ್ನುತ್ತದೆ, ಮತ್ತೆ ಅಮೋನಿಯಾ ಬಿಡುತ್ತದೆ. ಒಂದು ಸುತ್ತು ತಿರುಗಿದ ಹಾಗೆ ಎರಡೂ ಇನ್ನಷ್ಟು ಹೆಚ್ಚುತ್ತವೆ. ಪ್ರಿವೊಟೆಲ್ಲ ಬಿಟ್ಟ ಅಮೈನೋ ಆಮ್ಲಗಳಿಂದ ಪೆಪ್ಟೋಸ್ಟ್ರೆಪ್ಟೋಕಾಕಸ್ ಎಂಬ ಮೂರನೆಯದೂ ಬೆಳೆಯುತ್ತದೆ ಎಂದು ಅವರೇ ಮುಂದೆ ತೋರಿಸಿದರು. ನಾನು ಕಲಿಯುವಾಗ ಈ ಪ್ರಬಂಧಗಳನ್ನು ಓದಿದ ಮೇಲೆ, ಸ್ಲೈಡಿನ ಮೇಲಿನ ಆ ಪುಡಿಪುಡಿ ಗುಂಪನ್ನು ನಾನು ನೋಡುವ ರೀತಿಯೇ ಬದಲಾಯಿತು.

ಅವುಗಳ ಎರಡನೆಯ ಊಟ ನಮ್ಮದೇ ಲೋಳೆ. ಯೋನಿಯ, ಗರ್ಭಕಂಠದ ಒಳಮೈಯನ್ನು ಕಾಯುವ ಲೋಳೆಯಲ್ಲಿ ಸಕ್ಕರೆಯ ಸರಗಳಿರುತ್ತವೆ. ಆ ಸರಗಳ ತುದಿಯಲ್ಲಿ ಸಯಾಲಿಕ್ ಆಮ್ಲ ಕೂತಿರುತ್ತದೆ. ಗಾರ್ಡ್‌ನರೆಲ್ಲದ ಕೆಲವು ಜಾತಿಗಳು ಸಯಾಲಿಡೇಸ್ ಎಂಬ ಕಿಣ್ವದಿಂದ ಆ ತುದಿಯನ್ನು ಕತ್ತರಿಸಿ ತಿನ್ನುತ್ತವೆ. ಕತ್ತರಿಸಿದ್ದೆಲ್ಲ ಅವಕ್ಕೇ ಸಿಗುವುದಿಲ್ಲ. ಫ್ಯೂಸೋಬ್ಯಾಕ್ಟೀರಿಯಂ ಎಂಬುದಕ್ಕೆ ಕತ್ತರಿಸುವ ಶಕ್ತಿ ಇಲ್ಲ, ಬಿಡಿಯಾಗಿ ಸಿಕ್ಕ ಸಯಾಲಿಕ್ ಆಮ್ಲವನ್ನು ತಿನ್ನಬಲ್ಲದು. ಅಮಂಡಾ ಲೂಯಿಸ್ ಅವರ ತಂಡ 2020ರಲ್ಲಿ ಇದನ್ನು ತೋರಿಸಿತು. ಫ್ಯೂಸೋಬ್ಯಾಕ್ಟೀರಿಯಂ ಸೇರಿಸಿದಾಗ ಗಾರ್ಡ್‌ನರೆಲ್ಲಕ್ಕೂ ಅದರ ಕಿಣ್ವಕ್ಕೂ ಬಲ ಬರುತ್ತದೆ ಎಂಬುದನ್ನೂ ಅವರು ಕಂಡರು. ಫ್ಯೂಸೋಬ್ಯಾಕ್ಟೀರಿಯಂ ನಮ್ಮ ಬಾಯಲ್ಲಿ, ಒಸಡಿನ ಕಾಯಿಲೆಯಲ್ಲಿ ಕಾಣುವ ಜೀವಿ. ಅವಧಿಗೆ ಮೊದಲೇ ಆದ ಹೆರಿಗೆಗಳಲ್ಲಿ ಗರ್ಭಚೀಲದ ನೀರಿನಲ್ಲಿ ಸಿಕ್ಕಿರುವವುಗಳಲ್ಲಿ ಅದೂ ಒಂದು. ಲೋಳೆ ಹೀಗೆ ತೆಳುವಾದರೆ ಗರ್ಭಕಂಠದ ಕಾವಲು ಸಡಿಲವಾಗುತ್ತದೆ.

ಮೂರನೆಯದು ವಾಸನೆ. ಇದರಿಂದ ಹೆಂಗಸರು ಪಡುವ ಸಂಕಟ ಇಷ್ಟಿಷ್ಟಲ್ಲ. ಪ್ರಿವೊಟೆಲ್ಲ, ಡಯಾಲಿಸ್ಟರ್ ಮುಂತಾದವು ಅಮೈನೋ ಆಮ್ಲಗಳನ್ನು ಪುಟ್ರೆಸಿನ್, ಕಡಾವೆರಿನ್ ಎಂಬ ಅಮೈನುಗಳಾಗಿ ಮಾಡುತ್ತವೆ. ಕೊಳೆತ ಮೀನಿನಲ್ಲಿರುವ ಟ್ರೈಮೀಥೈಲಮೈನ್ ಕೂಡ ಅಲ್ಲಿ ತಯಾರಾಗುತ್ತದೆ. ಅಮೈನು ಮಾಡುವ ಈ ಕ್ರಿಯೆ ಪ್ರತಿ ಸಲವೂ ಸುತ್ತಲಿನಿಂದ ಒಂದು ಪ್ರೋಟಾನನ್ನು ನುಂಗುತ್ತದೆ, ಎಂದರೆ ಹುಳಿಯನ್ನು ಅಷ್ಟಷ್ಟೇ ಕಡಿಮೆ ಮಾಡುತ್ತದೆ. ಹುಳಿ ಇಳಿದರೆ ಇವುಗಳಿಗೇ ಅನುಕೂಲ. ಅದೇ ಅಮೈನುಗಳು ಲ್ಯಾಕ್ಟೋಬ್ಯಾಸಿಲಸ್‌ನ ಬೆಳವಣಿಗೆಯನ್ನೂ ನಿಧಾನ ಮಾಡುತ್ತವೆ ಎಂದು ಪ್ರಯೋಗಗಳು ಹೇಳುತ್ತವೆ. ಕ್ಷಾರ ತಗುಲಿದರೆ ಅಮೈನು ಆವಿಯಾಗಿ ಮೇಲೇಳುತ್ತದೆ. ನಾವು ಸ್ಲೈಡಿನ ಮೇಲೆ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟು ಮೂಸಿ ನೋಡುವುದು ಇದಕ್ಕೇ. ವೀರ್ಯವೂ ಕ್ಷಾರವೇ. ಗಂಡನೊಡನೆ ಸೇರಿದ ಮೇಲೆ ವಾಸನೆ ಹೆಚ್ಚಾಗುವುದರ ಹಿಂದಿನ ರಸಾಯನ ಇಷ್ಟು. ಇದು ಗೊತ್ತಿಲ್ಲದೆ ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಮಾತು ಕೇಳಿಸಿಕೊಂಡು ಮುದುಡಿ ಮಲಗಿದ್ದಾರೋ. ಮುಟ್ಟಿನ ರಕ್ತವೂ ಹುಳಿಯನ್ನು ತಗ್ಗಿಸುತ್ತದೆ, ಜೊತೆಗೆ ಬ್ಯಾಕ್ಟೀರಿಯಾಗಳಿಗೆ ಬೇಕಾದ ಕಬ್ಬಿಣವನ್ನು ಒದಗಿಸುತ್ತದೆ. ಮುಟ್ಟು ಮುಗಿಯುತ್ತಿದ್ದಂತೆ ಹಲವರಿಗೆ ತೊಂದರೆ ಮರುಕಳಿಸುವುದು ಇದರಿಂದ.

ಒಬ್ಬ ಹುಡುಗಿ, ಮದುವೆಯಾಗಿ ಒಂದೆರಡು ವರ್ಷವಾಗಿರಬೇಕು, ರಿಪೋರ್ಟು ತೆಗೆದುಕೊಳ್ಳಲು ಬಂದವಳು ಕೌಂಟರಿನಲ್ಲಿ ಯಾರೂ ಇಲ್ಲದ್ದನ್ನು ನೋಡಿ ನನ್ನನ್ನು ಕೇಳಿದಳು. “ಮೇಡಂ, ನಾನು ಎರಡು ಹೊತ್ತೂ ಒಳಗಡೆವರ್ಗೂ ತೊಳ್ಕೋತೀನಿ. ನೀರಿಗೆ ಗಾಯಕ್ಕೆ ಹಾಕೋ ಔಷಧಿನೂ ಬೆರೆಸ್ಕೋತೀನಿ. ಆದ್ರೂ ಯಾಕ್ ಮೇಡಂ ಮತ್ತೆ ಬರ್ತದೆ?”

“ತೊಳ್ಯೋದ್ ಬಿಟ್ಬಿಡಮ್ಮ,” ಅಂದೆ. “ಹೊರಗಡೆ ಬರೀ ನೀರಲ್ಲಿ ತೊಳ್ಕೋ, ಸಾಕು. ಒಳಗಡೆ ತೊಳ್ಯೋದ್ರಿಂದ್ಲೇ ಕಾಯೋವು ಹೋಗ್ತಾವೆ.”

ಅವಳು ನನ್ನ ಮುಖವನ್ನೇ ನೋಡಿದಳು. “ಹಂಗಾದ್ರೆ ನಾನು ಗಲೀಜಿಲ್ವಾ ಮೇಡಂ?”

ಇಲ್ಲಮ್ಮ ಎಂದೆ. ಅವಳಿಗೆ ಅದನ್ನು ಇನ್ನೊಂದು ಸಲ ಹೇಳಬೇಕಾಯಿತು. ಕ್ರಿಮಿನಾಶಕ ದ್ರಾವಣಕ್ಕೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯುವುದಿಲ್ಲ. ಲ್ಯಾಕ್ಟೋಬ್ಯಾಸಿಲಸ್ ತೊಳೆದುಹೋಗುತ್ತದೆ. ಗಾರ್ಡ್‌ನರೆಲ್ಲ ಗುಂಪು ಗೋಡೆಗೆ ಅಂಟಿ ಕೂತಿರುತ್ತದೆ. 2005ರಲ್ಲಿ ಬರ್ಲಿನ್ನಿನ ಸ್ವಿಡ್ಸಿನ್‌ಸ್ಕಿ ಮತ್ತು ಸಂಗಡಿಗರು ಬಿ.ವಿ. ಇರುವವರ ಯೋನಿಯ ಗೋಡೆಯಿಂದ ತೆಗೆದ ಚೂರುಗಳನ್ನು ಪರೀಕ್ಷಿಸಿ, ಅಲ್ಲಿ ಬ್ಯಾಕ್ಟೀರಿಯಾಗಳು ಅಂಟಿನ ಪದರ ಕಟ್ಟಿಕೊಂಡಿರುವುದನ್ನು ತೋರಿಸಿದರು. ಪದರದ ಬಹುಭಾಗ ಗಾರ್ಡ್‌ನರೆಲ್ಲ. ಬಿ.ವಿ.ಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆ ನುಂಗಿದಾಗ ಪದರ ಸುಮ್ಮನಾಗುತ್ತದೆ, ಮಾತ್ರೆ ನಿಂತ ಮೇಲೆ ಮತ್ತೆ ಚಿಗುರುತ್ತದೆ ಎಂದೂ ಅವರು ಕಂಡರು.

ಇನ್ನು ಹೆರಿಗೆ, ಬಸಿರು, ಮಕ್ಕಳ ಮಾತು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ್ದು ಕ್ಲಮೈಡಿಯಾದ ಕಥೆ. ಕ್ಲಮೈಡಿಯಾ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಸದ್ದಿಲ್ಲದೆ ಗರ್ಭನಾಳಕ್ಕೆ ಏರಿ, ಅಲ್ಲಿ ಉರಿಯೂತ ಮಾಡಿ, ಕಲೆಗಟ್ಟಿಸಿ ನಾಳವನ್ನು ಮುಚ್ಚಿಬಿಡಬಲ್ಲದು. ಮಕ್ಕಳಾಗದಿರುವುದಕ್ಕೂ ನಾಳದಲ್ಲೇ ಗರ್ಭ ಕಟ್ಟುವುದಕ್ಕೂ ಇದು ದೊಡ್ಡ ಕಾರಣ. ಈ ಜೀವಿ ನಮ್ಮ ಜೀವಕೋಶದ ಒಳಗೇ ಬದುಕುತ್ತದೆ, ಅದಕ್ಕೆ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ ಬೇಕೇ ಬೇಕು. ನಮ್ಮ ದೇಹ ಅದನ್ನು ಹಸಿವಿನಿಂದ ಕೆಡವಲು ನೋಡುತ್ತದೆ: ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಬಂದೊಡನೆ ಕೋಶದೊಳಗಿನ ಒಂದು ಕಿಣ್ವ ಟ್ರಿಪ್ಟೋಫಾನ್ ಅನ್ನೆಲ್ಲ ಒಡೆದುಹಾಕುತ್ತದೆ. ಕ್ಲಮೈಡಿಯಾ ಸೊರಗಿ ಕೂರುತ್ತದೆ. ಕಣ್ಣಿಗೆ ಟ್ರಕೋಮಾ ತರುವ ಕ್ಲಮೈಡಿಯಾ ತಳಿಗಳ ಕಥೆ ಅಲ್ಲಿಗೇ ನಿಲ್ಲುತ್ತದೆ. ಜನನಾಂಗದ ತಳಿಗಳು ಮಾತ್ರ ಒಂದು ಜೀನನ್ನು ಉಳಿಸಿಕೊಂಡಿವೆ. ಇಂಡೋಲ್ ಎಂಬ ಪದಾರ್ಥ ಸಿಕ್ಕರೆ ಅವು ಅದರಿಂದ ಟ್ರಿಪ್ಟೋಫಾನ್ ತಯಾರಿಸಿಕೊಳ್ಳಬಲ್ಲವು. ಈ ವ್ಯತ್ಯಾಸ 2003ರಲ್ಲಿ ಪ್ರಕಟವಾಯಿತು. ನಮ್ಮ ಜೀವಕೋಶಗಳು ಇಂಡೋಲ್ ಮಾಡುವುದಿಲ್ಲ. ಅದನ್ನು ಮಾಡುವುದು ಬಿ.ವಿ. ಗುಂಪಿನ ಕೆಲವು ಪ್ರಿವೊಟೆಲ್ಲಗಳು ಮತ್ತು ಅವುಗಳ ಜೊತೆಗಾರರು. ದೇಹ ಊಟ ನಿಲ್ಲಿಸಿದ ಜೀವಿಗೆ ಪಕ್ಕದ ಬ್ಯಾಕ್ಟೀರಿಯಾದ ಎಂಜಲು ಜೀವ ಕೊಡುತ್ತದೆ. ಬಿ.ವಿ. ಇರುವವರಿಗೆ ಕ್ಲಮೈಡಿಯಾ ಹೆಚ್ಚಾಗಿ ಅಂಟುತ್ತದೆ ಎಂದು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. ಅದು ಯಾಕೆ ಎಂಬ ಪ್ರಶ್ನೆಗೆ ಸಿಕ್ಕ ಒಂದು ಗಟ್ಟಿ ಸುಳಿವು ಈ ಇಂಡೋಲ್. ಗೊನೊರಿಯಾ, ಎಚ್‌ಐವಿ ಅಂಟುವ ಸಾಧ್ಯತೆಯೂ ಬಿ.ವಿ. ಇದ್ದಾಗ ಹೆಚ್ಚು.

ಎಚ್‌ಐವಿ ಎಂದಾಗ ದಕ್ಷಿಣ ಆಫ್ರಿಕದ ಒಂದು ಸಂಗತಿ ಹೇಳಲೇಬೇಕು. ಎಚ್‌ಐವಿ ತಡೆಯಲು ಯೋನಿಗೆ ಹಚ್ಚಿಕೊಳ್ಳುವ ಟೆನೊಫೊವಿರ್ ಜೆಲ್ ಅನ್ನು ಅಲ್ಲಿ ಪರೀಕ್ಷಿಸಲಾಗಿತ್ತು. 688 ಹೆಂಗಸರ ಸ್ಯಾಂಪಲ್‌ಗಳನ್ನು ಮತ್ತೆ ನೋಡಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಲ್ಯಾಕ್ಟೋಬ್ಯಾಸಿಲಸ್ ತುಂಬಿದ್ದವರಲ್ಲಿ ಜೆಲ್ ಸೋಂಕನ್ನು ಶೇ. 61ರಷ್ಟು ತಗ್ಗಿಸಿತ್ತು, ಉಳಿದವರಲ್ಲಿ ಬರೀ ಶೇ. 18. ಗಾರ್ಡ್‌ನರೆಲ್ಲ ಔಷಧಿಯನ್ನೇ ಒಳಗೆಳೆದುಕೊಂಡು ಒಡೆಯುತ್ತಿತ್ತು.

ಬಸುರಿಯರಲ್ಲಿ ಬಿ.ವಿ. ಇದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಹೆಚ್ಚು. ಶರನ್ ಹಿಲ್ಲಿಯರ್ ಮತ್ತು ಸಂಗಡಿಗರು ಅಮೆರಿಕದಲ್ಲಿ 10,397 ಗರ್ಭಿಣಿಯರನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವಧಿಗೆ ಮೊದಲು ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ ಬಿ.ವಿ. ಇದ್ದವರಲ್ಲಿ ಶೇ. 40ರಷ್ಟು ಹೆಚ್ಚಿತ್ತು. ಬ್ಯಾಕ್ಟೀರಿಯಾಗಳು ತೆಳುವಾದ ಲೋಳೆ ದಾಟಿ ಗರ್ಭಕೋಶದತ್ತ ಏರುತ್ತವೆ, ಗರ್ಭಚೀಲದ ಪೊರೆಯಲ್ಲಿ ಉರಿಯೂತ ಏಳುತ್ತದೆ, ಹೆರಿಗೆ ನೋವು ತರುವ ಪ್ರೊಸ್ಟಗ್ಲಾಂಡಿನ್‌ಗಳು ಬೇಗ ಬಿಡುಗಡೆಯಾಗುತ್ತವೆ. 2020ರಲ್ಲಿ ನಮ್ಮ ದೇಶದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮೊದಲು ಹುಟ್ಟಿದವು, ಜಗತ್ತಿನಲ್ಲೇ ಹೆಚ್ಚು. ಎಲ್ಲಕ್ಕೂ ಬಿ.ವಿ. ಕಾರಣವಲ್ಲ, ರಕ್ತದೊತ್ತಡ, ಅವಳಿ ಗರ್ಭ, ರಕ್ತಹೀನತೆ ಎಂದು ಕಾರಣಗಳು ಹಲವು. ಆದರೂ ಸ್ಲೈಡಿನ ಮೇಲೆ ಕಾಣುವ ಒಂದು ಕಾರಣವನ್ನು ನಾವು ಹಗುರವಾಗಿ ನೋಡುತ್ತಿದ್ದೇವೆ ಎನ್ನುವುದು ನನ್ನ ನೋವು.

ಹಾಗಾದರೆ ಬಿ.ವಿ. ಇರುವ ಎಲ್ಲ ಬಸುರಿಯರಿಗೂ ಮಾತ್ರೆ ಕೊಟ್ಟುಬಿಟ್ಟರೆ? ಫ್ರಾನ್ಸಿನಲ್ಲಿ ಹೀಗೇ ಪ್ರಯತ್ನಿಸಿದರು. 84 ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಪರೀಕ್ಷಿಸಿ, ಬಿ.ವಿ. ಇದ್ದು ಬೇರೆ ಅಪಾಯಗಳಿಲ್ಲದವರಿಗೆ ಕ್ಲಿಂಡಮೈಸಿನ್ ಕೊಟ್ಟು ನೋಡಿದರು. 2018ರಲ್ಲಿ ಬಂದ ಫಲಿತಾಂಶ: ಅವಧಿಪೂರ್ವ ಹೆರಿಗೆಗಳು ಕಡಿಮೆಯಾಗಲಿಲ್ಲ. ಕೊಲ್ಲುವುದಷ್ಟರಿಂದಲೇ ಆ ಜಾಗಕ್ಕೆ ಕ್ರಿಸ್ಪೇಟಸ್ ಬಂದು ಕೂರುವುದಿಲ್ಲ ಎಂದು ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ. ಇದನ್ನು ಓದುತ್ತಿರುವ ಬಸುರಿಯರು ಗಾಬರಿಯಾಗುವುದು ಬೇಡ. ವಾಸನೆ, ಸ್ರಾವ ಇದ್ದರೆ ಡಾಕ್ಟರಿಗೆ ಹೇಳಿ ಔಷಧಿ ತೆಗೆದುಕೊಳ್ಳಿ, ಮುಚ್ಚಿಡಬೇಡಿ.

ಮುಚ್ಚಿಡುವುದೇ ನಮ್ಮಲ್ಲಿ ರೂಢಿ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಅವರ ಸಂಗಡಿಗರು ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಶೇ. 92 ಮಂದಿಗೆ ಸ್ತ್ರೀರೋಗದ ಒಂದಲ್ಲ ಒಂದು ತೊಂದರೆ ಇತ್ತು. ಅದಕ್ಕೆ ಮೊದಲು ಸ್ತ್ರೀರೋಗ ತಪಾಸಣೆ ಮಾಡಿಸಿಕೊಂಡಿದ್ದವರು ಶೇ. 8. ಇದರ ಇನ್ನೊಂದು ಮುಖವನ್ನು ತೋರಿಸಿದ್ದು ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರ ಅಧ್ಯಯನ. ಬಿಳಿ ಸೆರಗು ಎಂದು ಹೇಳಿಕೊಂಡ ಎಲ್ಲರಿಗೂ ಸೋಂಕು ಇರಲಿಲ್ಲ, ಆ ದೂರಿನ ಜೊತೆ ಮನಸ್ಸಿನ ಬೇಗುದಿಗೂ ಬಲವಾದ ನಂಟಿತ್ತು. ತಿಂಗಳ ನಡುವೆ ಬರುವ ತಿಳಿಯಾದ, ವಾಸನೆಯಿಲ್ಲದ ಲೋಳೆ ಸಹಜ. ಮೊಸರು ಒಡೆದಂಥ ಸ್ರಾವ, ಜೊತೆಗೆ ವಿಪರೀತ ನವೆ ಇದ್ದರೆ ಅದು ಹೆಚ್ಚಾಗಿ ಫಂಗಸ್. ತೆಳ್ಳಗೆ, ಬೂದು ಬಣ್ಣಕ್ಕೆ ತಿರುಗಿ, ಮೀನಿನ ವಾಸನೆ ಬಂದು, ನವೆ ಅಷ್ಟಾಗಿ ಇಲ್ಲದಿದ್ದರೆ ಬಿ.ವಿ. ಎಂದು ಅನುಮಾನಿಸಬೇಕು.

ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಸ್ರಾವದ ದೂರಿಗೆ ಹಸಿರು ಬಣ್ಣದ ಎರಡನೇ ನಂಬರಿನ ಕಿಟ್ ಕೊಡುವ ಪದ್ಧತಿ ಇದೆ. ಅದರಲ್ಲಿರುವುದು 2 ಗ್ರಾಂ ಸೆಕ್ನಿಡಜೋಲ್ ಮತ್ತು 150 ಮಿಲಿಗ್ರಾಂ ಫ್ಲೂಕೊನಜೋಲ್. ಮೊದಲನೆಯದು ಬಿ.ವಿ.ಗೆ ಮತ್ತು ಟ್ರೈಕೊಮೊನಾಸ್ ಎಂಬ ಬೇರೊಂದು ಸೋಂಕಿಗೆ, ಎರಡನೆಯದು ಫಂಗಸ್‌ಗೆ. ಲ್ಯಾಬ್ ಇಲ್ಲದ ಊರಿನಲ್ಲಿ ಇದು ದೊಡ್ಡ ಉಪಕಾರ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡನೇ ಸಲ, ಮೂರನೇ ಸಲ ಬಂದವಳಿಗೂ ಅದೇ ಕಿಟ್ ಕೊಟ್ಟು ಕಳಿಸುವುದು ಸರಿಯಲ್ಲ. ಒಂದು ಪಿಎಚ್ ಪಟ್ಟಿ, ಒಂದು ಸ್ಲೈಡು, ನಾಲ್ಕು ಬಣ್ಣದ ಬಾಟಲಿ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲೂ ನಿಖರವಾಗಿ ಹೇಳಬಹುದು.

ಏಳು ದಿನದ ಮೆಟ್ರೊನಿಡಜೋಲ್ ಮಾತ್ರೆ ಮುಗಿಸಿದವರಲ್ಲಿ ಹೆಚ್ಚಿನವರಿಗೆ ಆಗಲೇನೋ ವಾಸಿಯಾಗುತ್ತದೆ. ಆದರೆ ಆಸ್ಟ್ರೇಲಿಯಾದ ಕ್ಯಾಟ್ರಿಯೋನಾ ಬ್ರಾಡ್‌ಶಾ ಅವರ ತಂಡದ 2006ರ ಲೆಕ್ಕದ ಪ್ರಕಾರ ಒಂದು ವರ್ಷದೊಳಗೆ ಶೇ. 58 ಮಂದಿಗೆ ಮರಳಿ ಬಂದಿತ್ತು. ಹಾಗಾಗಿ ಈಗಿನ ಕೆಲಸ ಎರಡು ದಾರಿಯಲ್ಲಿ ಸಾಗಿದೆ. ಒಂದು, ಖಾಲಿಯಾದ ಜಾಗಕ್ಕೆ ಕ್ರಿಸ್ಪೇಟಸ್ ಅನ್ನೇ ತಂದಿಡುವುದು. 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 228 ಹೆಂಗಸರಿಗೆ ಮೆಟ್ರೊನಿಡಜೋಲ್ ಆದ ಮೇಲೆ ಕೆಲವರಿಗೆ ಕ್ರಿಸ್ಪೇಟಸ್‌ನ ಒಂದು ತಳಿಯನ್ನು ಯೋನಿಯೊಳಗೆ ಹಾಕಿ, ಉಳಿದವರಿಗೆ ಔಷಧಿಯಿಲ್ಲದ ಪುಡಿ ಕೊಟ್ಟರು. 12 ವಾರದೊಳಗೆ ಮರುಕಳಿಸಿದ್ದು ಮೊದಲಿನವರಲ್ಲಿ ಶೇ. 30, ಎರಡನೆಯವರಲ್ಲಿ ಶೇ. 45. ದೊಡ್ಡ ಗೆಲುವಲ್ಲ, ಆದರೆ ದಾರಿ ಸರಿಯಾಗಿದೆ. ಅಂಗಡಿಯಲ್ಲಿ ಸಿಗುವ ಪ್ರೋಬಯಾಟಿಕ್ ಮಾತ್ರೆಗಳನ್ನು ಇದರ ಜೊತೆ ಸೇರಿಸಿ ನೋಡಬೇಡಿ, ಅವುಗಳಲ್ಲಿರುವ ತಳಿಗಳು ಹೆಚ್ಚಾಗಿ ಬೇರೆಯವು.

ಇನ್ನೊಂದು ದಾರಿ ಗಂಡನ ಕಡೆಗೆ ಹೋಗುತ್ತದೆ. ಬಿ.ವಿ. ಬ್ಯಾಕ್ಟೀರಿಯಾಗಳು ಗಂಡಸಿನ ಶಿಶ್ನದ ಚರ್ಮದ ಮೇಲೂ ಮೂತ್ರನಾಳದಲ್ಲೂ ಇರುತ್ತವೆ, ಅವನಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಬರೀ ನುಂಗುವ ಮಾತ್ರೆ ಕೊಟ್ಟ ಹಳೆಯ ಪ್ರಯೋಗಗಳು ಸೋತಿದ್ದವು. ಮೆಲ್ಬರ್ನ್‌ನ ತಂಡ 164 ಜೋಡಿಗಳನ್ನು ತೆಗೆದುಕೊಂಡು, ಒಂದು ಗುಂಪಿನಲ್ಲಿ ಗಂಡಸರಿಗೂ ಏಳು ದಿನ ಮೆಟ್ರೊನಿಡಜೋಲ್ ಮಾತ್ರೆ ಮತ್ತು ಹಚ್ಚಿಕೊಳ್ಳಲು ಕ್ಲಿಂಡಮೈಸಿನ್ ಕ್ರೀಂ ಎರಡನ್ನೂ ಕೊಟ್ಟಿತು. 12 ವಾರದೊಳಗೆ ಮರುಕಳಿಸಿದ್ದು ಇಬ್ಬರೂ ಔಷಧಿ ತೆಗೆದುಕೊಂಡವರಲ್ಲಿ ಶೇ. 35, ಹೆಂಗಸರಿಗೆ ಮಾತ್ರ ಕೊಟ್ಟವರಲ್ಲಿ ಶೇ. 63. ವ್ಯತ್ಯಾಸ ಇಷ್ಟು ಎದ್ದು ಕಂಡದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2025ರ ಮಾರ್ಚಿನಲ್ಲಿ ಇದು ಪ್ರಕಟವಾಯಿತು.

ನಮಗೆ ಸ್ಯಾಂಪಲ್ ಕಳಿಸುವ ಸ್ತ್ರೀರೋಗ ತಜ್ಞೆಯೊಬ್ಬರು ಇದನ್ನು ಓದಿದ ಮೇಲೆ, ಮರುಕಳಿಸಿದ ಹೆಂಗಸರಿಗೆ ಮುಂದಿನ ಸಲ ಯಜಮಾನರನ್ನು ಕರೆದುಕೊಂಡು ಬಾ ಎಂದು ಹೇಳತೊಡಗಿದ್ದಾರೆ. ಎಲ್ಲರೂ ಬರುವುದಿಲ್ಲ. ನನಗೇನೂ ಆಗಿಲ್ಲವಲ್ಲ, ನಾನ್ಯಾಕೆ ಮಾತ್ರೆ ನುಂಗಲಿ ಎನ್ನುವವರೇ ಹೆಚ್ಚು. ಬಂದವರಿಗೆ ಅವರು ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಇದು ಯಾರೂ ಯಾರಿಗೂ ದ್ರೋಹ ಮಾಡಿದ್ದರಿಂದ ಬಂದದ್ದಲ್ಲ ಎಂದು ಮೊದಲು ಹೇಳುತ್ತಾರೆ. ಆಮೇಲೆ ಎರಡು ಚೀಟಿ ಬರೆಯುತ್ತಾರೆ: ಇಬ್ಬರೂ ಒಂದೇ ದಿನ ಶುರು ಮಾಡಬೇಕು, ನಡುವೆ ಬಿಡಬಾರದು, ಮಾತ್ರೆ ಇರುವಷ್ಟು ದಿನ ಕುಡಿತ ಬೇಡ, ಆ ಏಳು ದಿನ ಸೇರುವುದೂ ಬೇಡ, ಮೂರು ತಿಂಗಳಾದ ಮೇಲೆ ಆಕೆಯ ಸ್ಲೈಡನ್ನು ಮತ್ತೊಮ್ಮೆ ನೋಡಿಸಬೇಕು.